ಮುಲಾಮಿನಲ್ಲೂ ವಿವೇಕ ಬೇಕು
ಆಟಿಯ ಮಳೆಗೆ ಬಟ್ಟೆ ಒಣಗದೆ, ಕಂಗಿನ ತೋಟದ ದುಡಿಮೆಯ ಬೆವರು ಆರದೆ, ತೊಡೆಸಂದಿಯಲ್ಲಿ ಗಜಕರ್ಣವೇಳುವುದು ಮಡಂತ್ಯಾರಿನಂಥ ನಮ್ಮೂರುಗಳಲ್ಲಿ ಸಹಜವೇ ಆದರೂ, ಅದಕ್ಕೆ ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ಹಚ್ಚುವುದು ಶತ್ರುವಿಗೆ ಆಶ್ರಯವಿತ್ತಂತೆ. ತುರಿಕೆಯೇನೋ ಶಮನವಾಗುವುದು, ಶಿಲೀಂಧ್ರವಾದರೋ ಮರೆಯಲ್ಲಿ ವ್ಯಾಪಿಸುವುದು, ಚರ್ಮವು ತೆಳುವಾಗುವುದು. 2018ರಲ್ಲಿ ಕೇಂದ್ರ ಸರಕಾರವು ಇಂಥ 14 ಲೇಪನೌಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದುದರ ಔಚಿತ್ಯವು ಇಲ್ಲಿದೆ.

ಇಸಬು, ಸೋರಿಯಾಸಿಸ್‌ಗಳಲ್ಲಿ ಇದೇ ಔಷಧವು ವರಪ್ರಾಯವೆಂಬುದೂ ಸತ್ಯ. ಆದುದರಿಂದ ಬೇಕಾದುದು ಭಯವಲ್ಲ, ವಿವೇಕ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಎರಡು ಅಂಗೈಯಗಲಕ್ಕೆ ಸಾಕು. ಮುಖಕ್ಕೂ ಶಿಶುಗಳಿಗೂ ವೈದ್ಯರ ಅಪ್ಪಣೆಯಿಲ್ಲದೆ ಅದು ಸಲ್ಲದು. ಚೀಟಿ ಕೇಳುವ ಅಂಗಡಿಯವರನ್ನು ಹಳಿಯದೆ ಹಿತೈಷಿಗಳೆಂದು ಗೌರವಿಸೋಣ.