ಹಿತ್ತಲ ಹಕ್ಕಿ ಹಕ್ಕಿಯಲ್ಲ!

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ನೆಪದಲ್ಲಿ ನಾವಿಬ್ಬರೂ ಶ್ರೀಲಂಕಾಕ್ಕೆ ಹೋಗಿ ಬಂದೆವು. ಪ್ಯಾಕೇಜು ಹುಡುಕಿದ್ದು ಮಗ. ‘ನೇಚರ್ ಅಂಡ್ ವೈಲ್ಡ್‌ಲೈಫ್, ಕಪಲ್ ಸ್ಪೆಷಲ್, ಆರು ರಾತ್ರಿ ಏಳು ಹಗಲು.’ ಬ್ಯಾಂಕಿನವನಲ್ಲವೇ, ಲೆಕ್ಕ ಹೇಳದಿದ್ದರೆ ಊಟ ಸೇರುವುದಿಲ್ಲ. ವಿಮಾನ, ಹೋಟೆಲು, ಜೀಪು, ಪಾರ್ಕಿನ ಟಿಕೇಟು, ಕೊನೆಗೆ ನನ್ನಾಕೆ ಕೊಂಡ ಚಹಾಪುಡಿ, ಎಲ್ಲಾ ಸೇರಿ 2 ಲಕ್ಷ 40 ಸಾವಿರ ಚಿಲ್ಲರೆ.

ಯಾಲಾ ಅಂತ ಅಲ್ಲೊಂದು ಅಭಯಾರಣ್ಯ. ಚಿರತೆಗೆ ಪ್ರಸಿದ್ಧ. ಬೆಳಗಿನ ಜಾವ ಐದಕ್ಕೇ ಎದ್ದು ಗೇಟಿನ ಹತ್ತಿರ ಹೋದರೆ ಜೀಪುಗಳ ಸಾಲು ನಮ್ಮ ಕಲ್ಯಾಣ-ಶಿಳ್ ರಸ್ತೆಯನ್ನು ನೆನಪಿಸಿತು. ಒಳಗೆ ಹೋದ ಮೇಲೆ ಯಾವನೋ ಒಬ್ಬ ಡ್ರೈವರನ ಮೊಬೈಲು ಗುಣುಗುಟ್ಟಿತು. ಎಲ್ಲಾ ಜೀಪುಗಳೂ ಧೂಳೆಬ್ಬಿಸಿಕೊಂಡು ಒಂದೇ ಕಡೆ ಓಡಿದವು. ಚಿರತೆ ಮರದ ಮೇಲಿತ್ತಂತೆ. ನಮಗೆ ಕಂಡದ್ದು ಬಾಲ. ಅದೂ ನಾಲ್ಕು ನಿಮಿಷ. ಹಿಂದಿನ ಜೀಪಿನವರು ಹಾರ್ನ್ ಹಾಕಿದರು, ನಾವು ಸರಿದು ಜಾಗ ಕೊಟ್ಟೆವು. ವಿರಾರ್ ಲೋಕಲ್ಲಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ!

ನನ್ನ ತಕರಾರು ಅದಲ್ಲ. ಮರುದಿನ ಬುಂಡಲಾಕ್ಕೆ ಹೋದೆವು. 1990ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, ಆ ದೇಶದ ಮೊದಲ ಜೌಗು ಪ್ರದೇಶ ಅದು. ಗೈಡು ವಯಸ್ಸಾದವನು, ಮಾತು ಕಡಿಮೆ. “ಮೊದಲು ಇಲ್ಲಿ ರಾಜಹಂಸಗಳು ಸಾವಿರಗಟ್ಟಲೆ ಬರುತ್ತಿದ್ದವು. ಮೇಲಿನ ಗದ್ದೆಗಳ ನೀರಾವರಿಯ ನೀರು ಈ ಉಪ್ಪುನೀರಿನ ಹಿನ್ನೀರಿಗೆ ಇಳಿಯತೊಡಗಿತು, ಉಪ್ಪು ಕಡಿಮೆಯಾಯಿತು, ಅವುಗಳ ಆಹಾರ ಹೋಯಿತು” ಅಂದ. ಆಮೇಲೆ ಕೇಳಿದ, “ನೀವು ಎಲ್ಲಿಯವರು?” ಮುಂಬಯಿ ಅಂದೆ. ಆತ ನನ್ನ ಮುಖವನ್ನೇ ನೋಡಿದ. “ಮುಂಬಯಿಯಲ್ಲಿ ಒಂದು ಲಕ್ಷ ರಾಜಹಂಸ ಇವೆಯಂತಲ್ಲ ಸಾರ್, ನೀವು ಇಲ್ಲಿಗೆ ಯಾಕೆ ಬಂದಿರಿ?”

ನನ್ನಾಕೆ ದುರ್ಬೀನು ಕೆಳಗಿಳಿಸಿದಳು. ಡೊಂಬಿವಿಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಇಬ್ಬರಲ್ಲಿ ಒಬ್ಬರೂ ಠಾಣೆಯ ಖಾಡಿಯಲ್ಲಿ ರಾಜಹಂಸವನ್ನು ನಿಂತು ನೋಡಿದವರಲ್ಲ. ವಾಶಿ ಸೇತುವೆ ದಾಟುವಾಗ ಕಿಟಕಿಯಿಂದ ಗುಲಾಬಿ ಬಣ್ಣ ಕಂಡದ್ದುಂಟು. ಆಗ ನಾನು ಪೇಪರಿನಲ್ಲಿ ಷೇರಿನ ಪುಟ ನೋಡುತ್ತಿದ್ದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಹಕ್ಕಿಯೂ ಹಕ್ಕಿಯಲ್ಲ. ಈಗ ನಮ್ಮವರ ನಡುವೆ ಇದೊಂದು ಹೊಸ ಚಟ. ಮೊದಲು ರಿಟೈರ್ ಆದವರು ಕಾಶಿಗೆ ಹೋಗುತ್ತಿದ್ದರು, ಆಮೇಲೆ ಸಿಂಗಾಪುರ, ಈಗ ಕೀನ್ಯಾ. ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟು ತಿನ್ನುವಾಗ ಮೊಬೈಲು ಹೊರಬರುತ್ತದೆ: ಇದು ನಕುರು ಸರೋವರ, ಇದು ನಮ್ಮಾಕೆ, ಹಿಂದೆ ಕಾಣುವುದು ಫ್ಲೆಮಿಂಗೋ. ಅದೇ ಜಾತಿಯ ಹಕ್ಕಿ ಐರೋಲಿಯಲ್ಲಿ ಇದೆ ಸ್ವಾಮಿ! ಡೊಂಬಿವಿಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿದರೆ ದಿಘಾ ಗಾಂವ್ ಆದ ಮೇಲೆ ಐರೋಲಿ. ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ನವರ ಕೇಂದ್ರವಿದೆ, ಉಬ್ಬರ ನೋಡಿಕೊಂಡು ದೋಣಿ ಬಿಡುತ್ತಾರೆ. ಪಾಸ್‌ಪೋರ್ಟು ಬೇಡ.

ಗೊತ್ತಿಲ್ಲದವರಿಗೆ ಒಂದಿಷ್ಟು ವಿವರ ಹೇಳಿಬಿಡುತ್ತೇನೆ, ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ, ಹೆಚ್ಚಾಗಿ ಕಛ್ ಕಡೆಯಿಂದ, ರಾಜಹಂಸಗಳು ಇಲ್ಲಿಗೆ ಬರುತ್ತವೆ. ಮೇ ತಿಂಗಳ ಕೊನೆಯವರೆಗೂ ಇರುತ್ತವೆ. ದೊಡ್ಡವು, ಚಿಕ್ಕವು ಎಂದು ಎರಡು ಜಾತಿ. ಚಿಕ್ಕವು ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ನೀರಿನಿಂದ ಪಾಚಿಯನ್ನು ಸೋಸಿ ತಿನ್ನುತ್ತವೆ. ಆ ಆಹಾರದಿಂದಲೇ ಅವಕ್ಕೆ ಗುಲಾಬಿ ಬಣ್ಣ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಎಣಿಕೆಯಲ್ಲಿ ಇವುಗಳ ಸಂಖ್ಯೆ ಒಂದು ಲಕ್ಷ ದಾಟಿದ ವರ್ಷಗಳಿವೆ. 2015ರಲ್ಲಿ ಠಾಣೆ ಖಾಡಿಯ ಸುಮಾರು 1,690 ಹೆಕ್ಟೇರನ್ನು ರಾಜಹಂಸಗಳ ಅಭಯಾರಣ್ಯ ಎಂದು ಘೋಷಿಸಿದರು. 2022ರಲ್ಲಿ ಠಾಣೆ ಖಾಡಿ ರಾಮ್ಸಾರ್ ಪಟ್ಟಿಗೂ ಸೇರಿತು. ನಾನು 2 ಲಕ್ಷ 40 ಸಾವಿರ ಕೊಟ್ಟು ಬುಂಡಲಾದಲ್ಲಿ ನೋಡಿದ ಬೋರ್ಡೇ ನಮ್ಮ ಮನೆಯ ಹತ್ತಿರವೂ ಇದೆ ಅಂತಾಯಿತು. ಚಿರತೆಯೂ ಅಷ್ಟೇ. ಯೇವೂರಿನ ಬೆಟ್ಟದಿಂದ ಬೊರಿವಿಲಿಯವರೆಗೆ ಹಬ್ಬಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿಲೋಮೀಟರಿಗೆ ಸ್ವಲ್ಪವೇ ಹೆಚ್ಚು. 2018ರ ಕ್ಯಾಮೆರಾ ಎಣಿಕೆಯಲ್ಲಿ ಅದರ ಸುತ್ತಮುತ್ತ ಸಿಕ್ಕ ಚಿರತೆಗಳು 47.

ಹಾಗಾದರೆ ಪರದೇಶಕ್ಕೆ ಹೋಗಲೇಬಾರದೇ? ‘ನಮ್ಮ ದುಡ್ಡು, ನಮ್ಮ ಇಷ್ಟ’ ಎಂದು ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಗೊಣಗಿರುತ್ತೀರಿ. ಹೋಗಿ ಮಾರಾಯರೇ. ನಾವು ಕೊಟ್ಟ ಟಿಕೇಟಿನ ದುಡ್ಡಿನಿಂದ ಅಲ್ಲಿಯ ಕಾಡು ಉಳಿಯುತ್ತದೆ, ಬುಂಡಲಾದ ಆ ಗೈಡಿನ ಮನೆಯೂ ನಡೆಯುತ್ತದೆ. ನನ್ನ ಜಗಳ ಬೇರೆ. ಅಲ್ಲಿ ಎರಡು ಲಕ್ಷ ಕೊಟ್ಟು ಬಾಲ ನೋಡಿ ‘ಆಹಾ ಪ್ರಕೃತಿ’ ಅನ್ನುವ ನಾವೇ ಇಲ್ಲಿ ಆ ಹಕ್ಕಿಯ ಅನ್ನದ ತಟ್ಟೆಗೆ ಮಣ್ಣು ಹಾಕುತ್ತಿದ್ದೇವೆ. ನಾನೂ ಹಾಕಿದ್ದೇನೆ. ಸಹಿ ಮಾಡಿ ಹಾಕಿದ್ದೇನೆ.

ಹೇಳಿಬಿಡುತ್ತೇನೆ. 2006ರ ಸುಮಾರಿಗೆ ನವಿ ಮುಂಬಯಿಯ ಒಂದು ಶಾಖೆಯಲ್ಲಿ ನಾನು ಗೃಹಸಾಲದ ಮೇಜಿನಲ್ಲಿದ್ದೆ. ಒಂದು ಬಿಲ್ಡಿಂಗಿನ ಫೈಲುಗಳು ಸಾಲಾಗಿ ಬಂದವು. ಬಿಲ್ಡರನ ಬಣ್ಣದ ಕಾಗದದಲ್ಲಿ ‘ಲೇಕ್ ವ್ಯೂ’ ಎಂದಿತ್ತು. ಸೈಟು ನೋಡಲು ಹೋದಾಗ ಕಟ್ಟಡದ ಹಿಂದೆ ನೀರಿತ್ತು, ಬೆಳ್ಳಕ್ಕಿಗಳಿದ್ದವು, ಹೆಸರು ಗೊತ್ತಿಲ್ಲದ ಇನ್ನೂ ಎಷ್ಟೋ ಹಕ್ಕಿಗಳಿದ್ದವು. ಆ ನೀರಿನ ಅಂಚಿಗೆ ಡಂಪರುಗಳು ಡೆಬ್ರಿ ತಂದು ಸುರಿಯುತ್ತಿದ್ದವು. ವ್ಯಾಲ್ಯೂಯರ್ ತನ್ನ ವರದಿಯಲ್ಲಿ ‘ತಗ್ಗು ಜಾಗ, ಭರಾವು ಮಾಡಲಾಗುತ್ತಿದೆ’ ಎಂದು ಒಂದು ಸಾಲು ಬರೆದಿದ್ದ. ವಕೀಲರ ಟೈಟಲ್ ರಿಪೋರ್ಟು ಸರಿಯಿತ್ತು. ಸಾಲಗಾರರ ಸಂಬಳದ ಚೀಟಿ ಸರಿಯಿತ್ತು. ಆ ಒಂದು ಸಾಲಿನ ಬಗ್ಗೆ ಕೇಳಬೇಕಾದ ಕಾಲಮ್ಮು ನಮ್ಮ ಫಾರ್ಮಿನಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ. ತಿಂಗಳ ಟಾರ್ಗೆಟ್ಟು ಮುಟ್ಟಿತು. ಕೆಲವು ವರ್ಷಗಳ ನಂತರ ಅದೇ ದಾರಿಯಲ್ಲಿ ಹೋದೆ. ವ್ಯೂ ಇತ್ತು, ಲೇಕ್ ಇರಲಿಲ್ಲ. ಹಿಂದೆ ಇನ್ನೊಂದು ಬಿಲ್ಡಿಂಗು ಎದ್ದಿತ್ತು. ಅದಕ್ಕೂ ಯಾವುದೋ ಬ್ಯಾಂಕಿನ ನನ್ನಂಥವನೇ ಸಹಿ ಹಾಕಿರಬೇಕು.

ಸಾಲದ ಭಾಷೆಯಲ್ಲಿ ನೆಲ ಅಂದರೆ ಸೆಕ್ಯುರಿಟಿ, ಕೆಸರು ಅಂದರೆ ಬೆಲೆ ಇಲ್ಲದ್ದು. ಈ ಲೆಕ್ಕವೇ ತಪ್ಪು. ಮೀನು, ಏಡಿ, ಸೀಗಡಿ ಮರಿಯಾಗಿ ಬೆಳೆಯುವುದು ಆ ಕೆಸರಿನಲ್ಲಿ. ಉಬ್ಬರದ ನೀರೂ ಮಳೆಯ ನೀರೂ ಒಟ್ಟಿಗೆ ಬಂದಾಗ ಹರಡಿಕೊಳ್ಳಲು ಜಾಗ ಕೊಡುವುದು ಅದೇ ಕೆಸರು. 2005ರ ಜುಲೈ 26ನ್ನು ಡೊಂಬಿವಿಲಿ, ಕಲ್ಯಾಣದವರಿಗೆ ನಾನು ನೆನಪಿಸಬೇಕೇ? 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ-ವಾಂಗಣಿ ನಡುವೆ ನೀರಿನಲ್ಲಿ ನಿಂತುಬಿಟ್ಟಿತು. ಸಾವಿರದಷ್ಟು ಪ್ರಯಾಣಿಕರನ್ನು ದೋಣಿಯಲ್ಲಿ ಇಳಿಸಿದರು. ನಮ್ಮ ಗಡಿನಾಡಿನ ಎಷ್ಟು ಜನ ಆ ಗಾಡಿಯಲ್ಲಿ ಓಡಾಡುತ್ತಾರೆ, ಗೊತ್ತಲ್ಲ? ನೀರಿಗೆ ಹೋಗಲು ಜಾಗ ಬೇಕು. ಅದರ ಜಾಗದಲ್ಲಿ ನಾವು ಕೂತರೆ ಅದು ನಮ್ಮ ಜಾಗಕ್ಕೆ ಬರುತ್ತದೆ. ಇದಕ್ಕೆ ಬಿಕಾಂ ಸಾಕು.

ನೆರೂಳಿನ ಡಿಪಿಎಸ್ ಕೆರೆಯ ಕಥೆ ಕೇಳಿ. ಸುಮಾರು 30 ಎಕರೆ. ಖಾಡಿಯಲ್ಲಿ ಉಬ್ಬರ ಏರಿ ಕೆಸರು ಮುಳುಗಿದಾಗ ರಾಜಹಂಸಗಳು ಬಂದು ನಿಲ್ಲುವ ಜಾಗ. ಉಬ್ಬರದ ನೀರು ಒಳಗೆ ಬರುವ ದಾರಿ ಮುಚ್ಚಿಹೋಗಿ 2024ರ ಬೇಸಿಗೆಯಲ್ಲಿ ಕೆರೆ ಒಣಗಿತು. ದಿಕ್ಕು ತಪ್ಪಿದ ಹಕ್ಕಿಗಳು ರಸ್ತೆಗೆ ಬಂದವು, ಹಲವು ಸತ್ತವು. ಅದೇ ವರ್ಷ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಒಂದು ಹಿಂಡು ಬಡಿದು 35ಕ್ಕೂ ಹೆಚ್ಚು ರಾಜಹಂಸಗಳು ಚೂರಾಗಿ ಬಿದ್ದವು. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ, ನಾನು ತೀರ್ಪು ಕೊಡುವವನಲ್ಲ. ಆದರೆ ನಿಲ್ಲುವ ಜಾಗ ಕಡಿಮೆಯಾದರೆ ಹಕ್ಕಿ ಹೆಚ್ಚು ಅಲೆಯಬೇಕಾಗುತ್ತದೆ, ಇದು ಯಾರಿಗೂ ತಿಳಿಯುವ ಮಾತು. ಬಾಡಿಗೆ ಮನೆ ಹುಡುಕಿ ಅಲೆದ ನಮಗೆ ತಿಳಿಯದೇ?

ನೆರೂಳಿನ ಜನ ಸುಮ್ಮನೆ ಕೂರಲಿಲ್ಲ. ಪತ್ರ ಬರೆದರು, ಕೆರೆಯ ದಡದಲ್ಲಿ ಕೈ ಕೈ ಹಿಡಿದು ನಿಂತರು, ಪತ್ರಿಕೆಯವರನ್ನು ಕರೆದರು. 2025ರ ಏಪ್ರಿಲ್‌ನಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ಆ ಕೆರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಅಂದರೆ ಕೂಗಿದರೆ ಕೇಳುವವರಿದ್ದಾರೆ. ಆ ಕೂಗಿದವರಲ್ಲಿ ನಾನಿರಲಿಲ್ಲ. ನಾನು ಆಗ ವೀಸಾದ ಫಾರ್ಮು ತುಂಬುತ್ತಿದ್ದೆ.

ಇಲ್ಲಿ ನಮ್ಮವರದ್ದೊಂದು ಹಳೆಯ ಸಬೂಬು ಇದೆ. ‘ನಾವು ಹೊಟ್ಟೆಪಾಡಿಗೆ ಬಂದವರು, ಇದು ಇಲ್ಲಿಯವರ ವಿಷಯ, ನಮಗ್ಯಾಕೆ ಉಸಾಬರಿ?’ ನಾನು ಕುಮಟೆಯ ಕಡೆಯವನು. ಅಘನಾಶಿನಿಯ ದಂಡೆಯಲ್ಲಿ ಗಜನಿ ಗದ್ದೆಯ ಕಗ್ಗ ಅಕ್ಕಿಯ ಗಂಜಿ ಉಂಡು ಬೆಳೆದವನು. ತದಡಿಯಲ್ಲಿ ವಿದ್ಯುತ್ ಸ್ಥಾವರ ಬೇಡವೆಂದು ಊರವರು ಹೋರಾಡಿದಾಗ ಇಲ್ಲಿ ಕೂತು ಚಪ್ಪಾಳೆ ತಟ್ಟಿದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದಾಗ ಸಿಕ್ಕವರಿಗೆಲ್ಲ ಫೋನು ಮಾಡಿ ಹೇಳಿದೆ. ಊರಿನ ಕಾಂಡ್ಲಾ ಗಿಡ ಅಂದರೆ ಕಣ್ಣಲ್ಲಿ ನೀರು. ಕೋಪರಖೈರಣೆಯ ಕಾಂಡ್ಲಾ ಗಿಡ ಅಂದರೆ ಸೊಳ್ಳೆ, ವಾಸನೆ, ‘ಕಡಿಸಿ ಹಾಕಿ ಸಾರ್’. ಒಂದೇ ಗಿಡ ಸ್ವಾಮಿ ಅದು!

ಗದ್ದೆಯೂ ಒಂದೇ. ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೊ ಹುಟ್ಟಿದಾಗ 95 ಹಳ್ಳಿಗಳ ಭೂಮಿ ಹೋಯಿತು. ಅಲ್ಲಿಯ ಆಗ್ರಿ ಜನ ಒಡ್ಡು ಕಟ್ಟಿ ಉಪ್ಪುನೀರು ತಡೆದು ಖಾರ್ ಭೂಮಿಯಲ್ಲಿ ಭತ್ತ ಬೆಳೆಯುತ್ತಿದ್ದರು. ನಮ್ಮ ಗಜನಿಯ ಅಣ್ಣತಮ್ಮ. ಕೋಳಿಗರು ಮೀನು ಹಿಡಿಯುತ್ತಿದ್ದರು. ಅವರ ಗದ್ದೆಯ ಮೇಲೆ ನಮ್ಮ ಟೂ ಬಿಎಚ್‌ಕೆ ನಿಂತಿದೆ. ಮಕ್ಕಳು ಇಲ್ಲಿ ಹುಟ್ಟಿದರು, ಇಲ್ಲಿ ಓದಿದರು, ರೇಷನ್ ಕಾರ್ಡು ಇಲ್ಲಿಯದು, ನಾಳೆ ನಮ್ಮನ್ನು ಸುಡುವುದೂ ಇಲ್ಲಿಯೇ. ಆದರೂ ಕೆರೆ ಮಾತ್ರ ‘ಇಲ್ಲಿಯವರದ್ದು’! ಮೂವತ್ತು ವರ್ಷ ಉಂಡ ಮನೆಯ ಬಾವಿಗೆ ಕಸ ಬೀಳುವಾಗ ‘ನಾನು ನೆಂಟ’ ಅನ್ನುವವನಿಗೆ ಏನೆನ್ನಬೇಕು, ನೀವೇ ಹೇಳಿ.

‘ಮನೆ ಬೇಡವೇ ಜನಕ್ಕೆ? ನೀನು ಮಾತ್ರ ಗೂಡು ಕಟ್ಟಿ ಕೂತು ನಮಗೆ ಬುದ್ಧಿ ಹೇಳುತ್ತೀಯಾ?’ ಇದು ನ್ಯಾಯವಾದ ಪ್ರಶ್ನೆ. ಚಾಳಿನಲ್ಲಿ ಆರು ಜನ ಮಲಗಿದವನಿಗೆ ಮನೆಯ ಬೆಲೆ ಗೊತ್ತು. ಆದರೆ ಕೆರೆಯ ಅಂಚಿನಲ್ಲಿ ಏಳುವ ಕಟ್ಟಡಗಳಲ್ಲಿ ಚಾಳಿನಿಂದ ಬಂದವರು ಎಷ್ಟು ಜನ? ನಾನು ನೋಡಿದ ಫೈಲುಗಳಲ್ಲಿ ಬಹುಪಾಲು ಎರಡನೆಯ ಮನೆ, ‘ಇನ್ವೆಸ್ಟ್‌ಮೆಂಟ್’. ಬಾಗಿಲಿಗೆ ಬೀಗ. ಹಕ್ಕಿಯನ್ನು ಓಡಿಸಿ ಬೀಗವನ್ನು ಕೂರಿಸುವುದಕ್ಕೆ ವಸತಿ ಸಮಸ್ಯೆಯ ಹೆಸರು ಹೇಳಬೇಡಿ.

ಕಾನೂನು ಇಲ್ಲ ಅಂತಲೂ ಅಲ್ಲ. ಕಾಂಡ್ಲಾ ನಾಶ ಬದುಕುವ ಹಕ್ಕಿನ ಉಲ್ಲಂಘನೆ ಎಂದು 2018ರಲ್ಲಿ ಬಾಂಬೆ ಹೈಕೋರ್ಟೇ ಹೇಳಿದೆ. ಮ್ಯಾಂಗ್ರೋವ್ ಸೆಲ್ 2012ರಿಂದ ಇದೆ. ಇಲ್ಲದ್ದು ಕೇಳುವ ಬಾಯಿ. ಅದಕ್ಕೆ ಮೂರು ಕೆಲಸ ಮಾಡೋಣ ಅನ್ನುತ್ತೇನೆ. ಮನೆ ಕೊಳ್ಳುವ ಮುನ್ನ ‘ಇಲ್ಲಿ ಮೊದಲು ಏನಿತ್ತು?’ ಎಂದು ಬಿಲ್ಡರನನ್ನೂ ಬ್ಯಾಂಕಿನವನನ್ನೂ ಕೇಳಿ; ಹತ್ತು ಜನ ಕೇಳಿದರೆ ನಮ್ಮ ಫಾರ್ಮಿನಲ್ಲಿ ಕಾಲಮ್ಮು ತಾನಾಗಿ ಬರುತ್ತದೆ. ನಿಮ್ಮ ಸೊಸೈಟಿಯ ರಿಪೇರಿಯ ಡೆಬ್ರಿ ಎಲ್ಲಿಗೆ ಹೋಗುತ್ತದೆ ಎಂದು ಮೀಟಿಂಗಿನಲ್ಲಿ ಕೇಳಿ. ನಮ್ಮಲ್ಲಿ ನಾನು ಕೇಳಿದೆ, ಸೆಕ್ರೆಟರಿ ನಕ್ಕರು. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ. ಮೂರನೆಯದು, ಸಂಘದವರು ವರ್ಷಕ್ಕೊಮ್ಮೆ ಲೋಣಾವಳಾಕ್ಕೆ ಬಸ್ಸು ಮಾಡುವ ಬದಲು ಮಕ್ಕಳನ್ನು ಐರೋಲಿಗೆ ಕರೆದುಕೊಂಡು ಹೋಗಲಿ. ನೋಡದ್ದನ್ನು ಉಳಿಸುವವರಿಲ್ಲ.

ಶ್ರೀಲಂಕಾದಿಂದ ಬಂದ ಮೂರನೆಯ ಭಾನುವಾರ ನಾವಿಬ್ಬರೂ ಐರೋಲಿಗೆ ಹೋದೆವು. ತಲೆಗೆ ಕೆಲವು ನೂರು ರೂಪಾಯಿ. ದೋಣಿ ಕಾಂಡ್ಲಾದ ತಿರುವು ದಾಟಿದ್ದೇ ಕೆಸರಿನ ಉದ್ದಕ್ಕೂ ಗುಲಾಬಿ, ಕಣ್ಣು ಹೋದಷ್ಟು ದೂರ. ನನ್ನಾಕೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, “ನಿಮ್ಮ ಆ ಲೇಕ್ ವ್ಯೂ ಬಿಲ್ಡಿಂಗು ಇಲ್ಲಿಂದ ಕಾಣುತ್ತದೆಯೇ?”

ನಾನು ದುರ್ಬೀನನ್ನು ಆ ಕಡೆ ತಿರುಗಿಸಲಿಲ್ಲ. ನಿಮ್ಮ ಬಿಲ್ಡಿಂಗು ನಿಂತ ಜಾಗದಲ್ಲಿ ಮೊದಲು ಏನಿತ್ತು? ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಇವತ್ತೇ ಯಾರನ್ನಾದರೂ ಹಳಬರನ್ನು ಕೇಳಿ.