ಇಂಜಿನ್ ಆಯಿಲ್: ಗ್ರೇಡ್ ನಿರ್ಧರಿಸಬೇಕಾದವರು ಯಾರು?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದ ಬಿಡಿಭಾಗಗಳ ಅಂಗಡಿಯವರೆಗೆ ಎಲ್ಲೆಡೆ ಕಾಣಸಿಗುವ ದೃಶ್ಯವೊಂದಿದೆ. ಗ್ರಾಹಕನೊಬ್ಬ ತನ್ನ ಹೊಸ ಕಾರಿಗೆ ಇಂಜಿನ್ ಆಯಿಲ್ ಕೇಳುತ್ತಾನೆ. ಜೊತೆಗೆ ಬಂದ ಮೆಕ್ಯಾನಿಕ್ ಡಬ್ಬಿಯ ಮುಚ್ಚಳ ತೆರೆದು, ಒಂದು ಹನಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಿಕ್ಕಿ ನೋಡಿ, "ಇದು ನೀರಿನ ಹಾಗಿದೆ ಸಾರ್, ನಮ್ಮ ಕಡೆ ಬಿಸಿಲಿಗೆ ತಡೆಯೋದಿಲ್ಲ. ಸ್ವಲ್ಪ ದಪ್ಪದ್ದೇ ಹಾಕೋಣ" ಎನ್ನುತ್ತಾನೆ. ಅಂಗಡಿಯವರು ಮರುಮಾತಿಲ್ಲದೆ 20ಡಬ್ಲ್ಯು-50 ಡಬ್ಬಿಯನ್ನು ಮೇಜಿನ ಮೇಲಿಡುತ್ತಾರೆ. ಮೂವರಿಗೂ ಸಮಾಧಾನ. ಆದರೆ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮಲಗಿರುವ ಮಾಲೀಕರ ಕೈಪಿಡಿಯನ್ನು ಮೂವರಲ್ಲಿ ಒಬ್ಬರೂ ತೆರೆದು ನೋಡಿರುವುದಿಲ್ಲ.

ಒಂದು ಡಬ್ಬಿ ಆಯಿಲ್‌ನ ವ್ಯವಹಾರ ಸಣ್ಣದೆಂದು ತೋರಬಹುದು. ಆದರೆ ಅದರ ಹಿಂದೆ ಲಕ್ಷಾಂತರ ರೂಪಾಯಿ ಬೆಲೆಬಾಳುವ ವಾಹನವೂ, ಆ ವಾಹನವನ್ನು ನಂಬಿದ ಕುಟುಂಬ ಅಥವಾ ಉದ್ಯಮವೂ, ಮಾರಾಟ ಮಾಡಿದ ಅಂಗಡಿಯ ಹೆಸರೂ ಇವೆ. ಆಯಿಲ್‌ನ ಗ್ರೇಡನ್ನು ನಿರ್ಧರಿಸಬೇಕಾದುದು ಬೆರಳಲ್ಲ, ಬಿಸಿಲಲ್ಲ, ಅಂಗಡಿಯಲ್ಲಿ ಉಳಿದಿರುವ ದಾಸ್ತಾನೂ ಅಲ್ಲ. ಆಯಾ ಇಂಜಿನ್ನಿನ ತಯಾರಕರ ಲಿಖಿತ ಶಿಫಾರಸು. ಈ ಸರಳ ನಿಯಮವನ್ನು ವ್ಯಾಪಾರದ ಶಿಸ್ತಾಗಿ ರೂಢಿಸಿಕೊಳ್ಳುವ ಕಾಲ ಬಂದಿದೆ.

ಅಂಕಿಗಳ ಅರ್ಥ

ದ್ರವದ ದಪ್ಪವನ್ನು, ಅಂದರೆ ಹರಿಯಲು ಅದು ತೋರುವ ಪ್ರತಿರೋಧವನ್ನು, ಸ್ನಿಗ್ಧತೆ ಎನ್ನುತ್ತಾರೆ. ಅಮೆರಿಕದ ಎಸ್ಎಇ ಸಂಸ್ಥೆ 1911ರಲ್ಲಿಯೇ ಇಂಜಿನ್ ಆಯಿಲ್‌ಗಳನ್ನು ಸ್ನಿಗ್ಧತೆಯ ಆಧಾರದ ಮೇಲೆ ವರ್ಗೀಕರಿಸಲು ಆರಂಭಿಸಿತು. ಇಂದು ಡಬ್ಬಿಗಳ ಮೇಲೆ ಕಾಣುವ ಅಂಕಿಗಳು ಅದೇ ಸಂಸ್ಥೆಯ ಜೆ300 ಎಂಬ ಮಾನದಂಡದ ಪ್ರಕಾರ ಬರುವಂಥವು. 5ಡಬ್ಲ್ಯು-30 ಎಂಬಲ್ಲಿ 'ಡಬ್ಲ್ಯು' ಎಂಬುದು ಚಳಿಗಾಲವನ್ನು ಸೂಚಿಸುತ್ತದೆ. ಅದರ ಮೊದಲಿನ ಅಂಕಿ ಕೊರೆಯುವ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಕೊನೆಯ ಅಂಕಿ ಇಂಜಿನ್ ಕಾದಾಗ ಅದರ ದಪ್ಪ ಎಷ್ಟು ಉಳಿಯುತ್ತದೆ ಎಂಬುದನ್ನೂ ತಿಳಿಸುತ್ತವೆ.

ಈ ಕೊನೆಯ ಅಂಕಿಗೆ ನಿರ್ದಿಷ್ಟ ಮಿತಿಗಳಿವೆ. 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 20ರ ಗ್ರೇಡಿನ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್‌ಗಳ ನಡುವೆ, 30ರ ಗ್ರೇಡ್ 9.3ರಿಂದ 12.5ರ ನಡುವೆ, 40ರ ಗ್ರೇಡ್ 12.5ರಿಂದ 16.3ರ ನಡುವೆ ಹಾಗೂ 50ರ ಗ್ರೇಡ್ 16.3ರಿಂದ 21.9ರ ನಡುವೆ ಇರಬೇಕು. ಇಷ್ಟು ಸಾಲದೆಂದು 150 ಡಿಗ್ರಿ ಉಷ್ಣತೆಯಲ್ಲಿ ತೀವ್ರ ಒತ್ತಡಕ್ಕೆ ಒಳಪಡಿಸಿ ಆಯಿಲ್‌ನ ತಾಳಿಕೆಯನ್ನು ಅಳೆಯುವ ಪ್ರತ್ಯೇಕ ಪರೀಕ್ಷೆಯೂ ಇದೆ. ಬೇರಿಂಗ್‌ಗಳ ರಕ್ಷಣೆಯ ಮಟ್ಟಿಗೆ ಮುಖ್ಯವಾದುದು ಈ ಕೊನೆಯ ಪರೀಕ್ಷೆಯೇ.

ಬೆರಳಿನ ಪರೀಕ್ಷೆ ಏಕೆ ಸಲ್ಲದು?

ಅಂಗಡಿಯಲ್ಲಿ ಬೆರಳಿಗೆ ಹತ್ತುವ ಆಯಿಲ್ ಸುಮಾರು 30 ಡಿಗ್ರಿ ಉಷ್ಣತೆಯಲ್ಲಿರುತ್ತದೆ. ಇಂಜಿನ್ ದುಡಿಯುವಾಗ ಅದೇ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯವಾದ 0ಡಬ್ಲ್ಯು-20 ಆಯಿಲ್ 30 ಡಿಗ್ರಿಯಲ್ಲಿ ಸರಿಸುಮಾರು 60 ಸೆಂಟಿಸ್ಟೋಕ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ದಪ್ಪವಿರುತ್ತದೆ. ಕಾದ ಇಂಜಿನ್ನಿನೊಳಗಿನ 20ಡಬ್ಲ್ಯು-50 ಆಯಿಲ್‌ನ ದಪ್ಪವಾದರೋ ಸುಮಾರು 18 ಸೆಂಟಿಸ್ಟೋಕ್ ಮಾತ್ರ. ಅಂದರೆ ಮೆಕ್ಯಾನಿಕ್ "ನೀರಿನ ಹಾಗಿದೆ" ಎಂದು ತಳ್ಳಿಹಾಕಿದ ಆಯಿಲ್, ಅವನು ಮೆಚ್ಚಿದ ದಪ್ಪ ಆಯಿಲ್ ಕೆಲಸ ಮಾಡುವ ಹೊತ್ತಿನಲ್ಲಿ ಇರುವುದಕ್ಕಿಂತ ಮೂರು ಪಟ್ಟು ದಪ್ಪವಾಗಿಯೇ ಅವನ ಬೆರಳ ನಡುವೆ ಇತ್ತು! ಬೆರಳು ಸುಳ್ಳು ಹೇಳಲಿಲ್ಲ. ಕೇಳಬಾರದ ಪ್ರಶ್ನೆಯನ್ನು ಅದಕ್ಕೆ ಕೇಳಲಾಯಿತು, ಅಷ್ಟೆ.

ಇದೇ ಲೆಕ್ಕವನ್ನು ಮುಂಜಾನೆಯ ಸ್ಟಾರ್ಟಿಗೆ ಅನ್ವಯಿಸಿದರೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. 30 ಡಿಗ್ರಿಯಲ್ಲಿ 20ಡಬ್ಲ್ಯು-50 ಆಯಿಲ್‌ನ ದಪ್ಪ ಸಾಮಾನ್ಯವಾಗಿ 250 ಸೆಂಟಿಸ್ಟೋಕ್‌ಗೂ ಮಿಗಿಲು. ರಾತ್ರಿಯೆಲ್ಲ ನಿಂತಿದ್ದ ಕಾರಿನ ಸಂಪಿನಿಂದ ಆಯಿಲ್ ಮೇಲೇರಿ ಕ್ಯಾಮ್ ಶಾಫ್ಟನ್ನೂ ಟರ್ಬೋಚಾರ್ಜರನ್ನೂ ಮುಟ್ಟಬೇಕಾದ ಮೊದಲ ಕೆಲವು ಕ್ಷಣಗಳು ಇಂಜಿನ್ನಿನ ಸವೆತಕ್ಕೆ ನಿರ್ಣಾಯಕ. ಅಲ್ಲಿ ಬೇಕಾದುದು ಬೇಗ ತಲುಪುವ ಆಯಿಲ್.

ಬಿಸಿಲಿನ ವಾದ

"ವಿದೇಶದ ಚಳಿಗೆ ತೆಳು ಆಯಿಲ್ ಸರಿ, ಕಲಬುರಗಿ, ರಾಯಚೂರಿನ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು" ಎಂಬ ಮಾತು ಮೇಲ್ನೋಟಕ್ಕೆ ತರ್ಕಬದ್ಧವೆನಿಸುತ್ತದೆ. ಆದರೆ ನೀರಿನಿಂದ ತಂಪಾಗುವ ಇಂಜಿನ್ನಿನಲ್ಲಿ ಥರ್ಮೋಸ್ಟಾಟ್ ಇದೆ. ಕೂಲೆಂಟನ್ನು ಅದು 90 ಡಿಗ್ರಿಯ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತದೆ. ಹೊರಗೆ ಕಲಬುರಗಿಯ ಬೇಸಿಗೆಯ 42 ಡಿಗ್ರಿ ಇರಲಿ, ಮಡಿಕೇರಿಯ ಮುಂಜಾನೆಯ 12 ಡಿಗ್ರಿ ಇರಲಿ, ಕಾದ ಇಂಜಿನ್ನಿನೊಳಗಿನ ಆಯಿಲ್‌ನ ಉಷ್ಣತೆಯಲ್ಲಿ ಆ 30 ಡಿಗ್ರಿಯ ಅಂತರ ಹಾಗೆಯೇ ಕಾಣಿಸಿಕೊಳ್ಳುವುದಿಲ್ಲ. ಪೂರ್ಣ ಹೊರೆಯೊಂದಿಗೆ ಘಟ್ಟ ಹತ್ತುವಾಗ ಆಯಿಲ್ ಇನ್ನಷ್ಟು ಕಾಯುವುದು ನಿಜ. ಆದರೆ 150 ಡಿಗ್ರಿಯ ಪರೀಕ್ಷೆ ಇರುವುದು ಅಂತಹ ಸಂದರ್ಭವನ್ನು ಗಮನದಲ್ಲಿಟ್ಟುಕೊಂಡೇ. ಅಲ್ಲದೆ, ಹಲವು ಕೈಪಿಡಿಗಳಲ್ಲಿ ಹೊರಗಿನ ಹವೆಗೆ ಅನುಗುಣವಾಗಿ ಬಳಸಬಹುದಾದ ಗ್ರೇಡ್‌ಗಳ ಕೋಷ್ಟಕವನ್ನೇ ಕೊಡಲಾಗಿರುತ್ತದೆ. ಬಿಸಿಲಿನ ಚಿಂತೆಯನ್ನು ತಯಾರಕರು ಮೊದಲೇ ಮಾಡಿರುತ್ತಾರೆ.

ಬದಲಾದುದು ಇಂಜಿನ್ನೇ

ಹಿಂದಿನ ತಲೆಮಾರಿನ ಮೆಕ್ಯಾನಿಕ್‌ಗಳ ಅನುಭವವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅವರು ಕೈಯಾಡಿಸಿದ ಅಂಬಾಸಡರ್, ಪದ್ಮಿನಿ ಕಾರುಗಳ ಇಂಜಿನ್‌ಗಳಲ್ಲಿ ಭಾಗಗಳ ನಡುವಿನ ಸಂದು ಹೆಚ್ಚು. ಸವೆದಂತೆ ಅದು ಇನ್ನೂ ಹಿಗ್ಗುತ್ತಿತ್ತು. ಅಲ್ಲಿ ದಪ್ಪ ಆಯಿಲ್ ನಿಜಕ್ಕೂ ಒತ್ತಡವನ್ನು ಉಳಿಸುತ್ತಿತ್ತು, ಹೊಗೆಯನ್ನು ತಗ್ಗಿಸುತ್ತಿತ್ತು. ಅಂತಹ ಇಂಜಿನ್‌ಗಳಿಗೆ ಇಂದಿಗೂ ಅದೇ ಸರಿ. ಅಲ್ಲಿಗೆ 0ಡಬ್ಲ್ಯು-20 ಸುರಿಯುವುದೂ ಅಷ್ಟೇ ದೊಡ್ಡ ತಪ್ಪು.

ಆದರೆ ಇಂದಿನ ಇಂಜಿನ್ ಬೇರೆಯೇ ಯಂತ್ರ. ಅದರ ಬೇರಿಂಗ್ ಸಂದುಗಳು ಮೈಕ್ರಾನ್‌ಗಳ ಲೆಕ್ಕದಲ್ಲಿ ನಿಗದಿಯಾಗಿವೆ. ವಾಲ್ವುಗಳು ತೆರೆದು ಮುಚ್ಚುವ ಸಮಯವನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆ ಹಲವು ಇಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದಲೇ, ಕಿರಿದಾದ ರಂಧ್ರಗಳ ಮೂಲಕ ನಡೆಯುತ್ತದೆ. ದಪ್ಪ ಆಯಿಲ್ ಅಲ್ಲಿ ತಡವರಿಸುತ್ತದೆ. ಅದನ್ನು ತಳ್ಳುವುದಕ್ಕಾಗಿಯೇ ಇಂಜಿನ್ ಶಕ್ತಿ ವ್ಯಯಿಸಬೇಕಾಗುತ್ತದೆ. ಇದರಿಂದ ಮೈಲೇಜ್ ಸಾಮಾನ್ಯವಾಗಿ ಶೇಕಡಾ 1ರಿಂದ 3ರವರೆಗೆ ಕುಸಿಯಬಹುದು. ಪೀಣ್ಯದ ಕಾರ್ಖಾನೆಯಲ್ಲಿ ಹಗಲೆಲ್ಲ ಮೈಕ್ರೋಮೀಟರ್ ಹಿಡಿದು ಬಿಡಿಭಾಗಗಳನ್ನು ಅಳೆಯುವ ಉದ್ಯಮಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ತನ್ನದೇ ಕಾರಿನ ವಿಷಯದಲ್ಲಿ ಆತ ಬೆರಳಿನ ಅಂದಾಜಿಗೆ ತಲೆಬಾಗುವುದು ಸೋಜಿಗ.

ಗ್ರೇಡ್ ಒಂದೇ ಸಾಲದು ಎಂಬುದನ್ನೂ ಗಮನಿಸಬೇಕು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂದ ಬಳಿಕ ಡೀಸೆಲ್ ಕಾರುಗಳಲ್ಲಿ ಹೊಗೆಯ ಕಣಗಳನ್ನು ಹಿಡಿದಿಡುವ ಫಿಲ್ಟರ್ ಸಾಮಾನ್ಯವಾಗಿದೆ. ಹೆಚ್ಚು ಬೂದಿ ಬಿಡುವ ಆಯಿಲ್ ಬಳಸಿದರೆ ಆ ಫಿಲ್ಟರ್ ಕ್ರಮೇಣ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಂತಹ ಕಾರುಗಳಿಗೆ ಕಡಿಮೆ ಬೂದಿಯ, ಯೂರೋಪಿನ ಎಸಿಇಎ ಮಾನದಂಡದ ಸಿ2, ಸಿ3 ಮುಂತಾದ ವರ್ಗದ ಆಯಿಲ್ ಸೂಚಿಸಲಾಗುತ್ತದೆ. ಟರ್ಬೋ ಪೆಟ್ರೋಲ್ ಇಂಜಿನ್‌ಗಳಲ್ಲಿ ವೇಗ ಕಡಿಮೆಯಿದ್ದು ಹೊರೆ ಹೆಚ್ಚಿರುವಾಗ ಕಿಡಿಗೆ ಮುನ್ನವೇ ಇಂಧನ ಹೊತ್ತಿಕೊಳ್ಳುವ ತೊಂದರೆಯುಂಟು. ಪಿಸ್ಟನ್ ಒಡೆಯುವಷ್ಟು ಅಪಾಯ ಅದರಿಂದ ಒದಗಬಹುದು. ಇದನ್ನು ತಡೆಯುವ ಗುಣವನ್ನು 2018ರ ಎಪಿಐ ಎಸ್ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳಲ್ಲಿ ಕಡ್ಡಾಯಗೊಳಿಸಲಾಯಿತು. ಆದುದರಿಂದ ಎರಡು ಡಬ್ಬಿಗಳ ಮೇಲೆ 5ಡಬ್ಲ್ಯು-30 ಎಂದೇ ಬರೆದಿದ್ದರೂ ಅವು ಒಂದೇ ಆಯಿಲ್ ಎಂದು ತಿಳಿಯಲಾಗದು.

ಸಂಶಯಕ್ಕೂ ಕಾರಣವಿದೆ

ತೆಳು ಆಯಿಲ್‌ನ ಬಗೆಗಿನ ಸಂಶಯ ಪೂರ್ತಿ ನಿರಾಧಾರವೆಂದು ಹೇಳುವಂತಿಲ್ಲ. ಇಂಧನ ಮಿತವ್ಯಯದ ಸರ್ಕಾರಿ ನಿಯಮಗಳ ಒತ್ತಡ ತಯಾರಕರ ಮೇಲಿದೆ. ಭಾರತದಲ್ಲಿಯೂ 2017-18ರಲ್ಲಿ ಇಂತಹ ನಿಯಮಗಳ ಮೊದಲ ಹಂತ, 2022-23ರಲ್ಲಿ ಎರಡನೆಯ ಹಂತ ಜಾರಿಗೆ ಬಂದವು. ಮೈಲೇಜ್ ಹೆಚ್ಚಿಸುವ ಹಂಬಲದಲ್ಲಿ ತಯಾರಕರು ಇಂಜಿನ್ನಿನ ಬಾಳಿಕೆಯನ್ನು ಬಲಿಗೊಟ್ಟಾರೆಯೇ ಎಂದು ಕೇಳುವುದು ಗ್ರಾಹಕನ ಹಕ್ಕು.

2025ರ ಏಪ್ರಿಲ್‌ನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ತನ್ನ 6.2 ಲೀಟರ್ ವಿ8 ಇಂಜಿನ್ ಅಳವಡಿಸಿದ ಸುಮಾರು 6 ಲಕ್ಷ ವಾಹನಗಳನ್ನು ಆ ದೇಶದಲ್ಲಿ ವಾಪಸು ಕರೆಸಿಕೊಂಡ ಪ್ರಕರಣವನ್ನು ದಪ್ಪ ಆಯಿಲ್‌ನ ಪಕ್ಷಪಾತಿಗಳು ಉದಾಹರಿಸುತ್ತಾರೆ. ತಪಾಸಣೆಯಲ್ಲಿ ಉತ್ತೀರ್ಣವಾದ ಇಂಜಿನ್‌ಗಳಿಗೆ 0ಡಬ್ಲ್ಯು-20 ಬದಲು 0ಡಬ್ಲ್ಯು-40 ತುಂಬಿಸಲಾಯಿತು ಎಂಬುದು ನಿಜ. ಆದರೆ ಈ ಪ್ರಕರಣವನ್ನು ಪೂರ್ಣವಾಗಿ ಓದಬೇಕು. ಅಲ್ಲಿ ಮೂಲ ದೋಷ ಕಂಡುಬಂದುದು ಕನೆಕ್ಟಿಂಗ್ ರಾಡ್ ಹಾಗೂ ಕ್ರ್ಯಾಂಕ್ ಶಾಫ್ಟಿನ ತಯಾರಿಕೆಯಲ್ಲಿ. ಗ್ರೇಡನ್ನು ಬದಲಿಸಿದವರು ಯಾವುದೋ ಗ್ಯಾರೇಜಿನವರಲ್ಲ, ಸ್ವತಃ ತಯಾರಕರು. ಅದೂ ನಿರ್ದಿಷ್ಟ ಇಂಜಿನ್ನಿಗೆ, ಹೊಸ ಆಯಿಲ್ ಮುಚ್ಚಳವನ್ನೂ ಕೈಪಿಡಿಗೆ ಸೇರಿಸುವ ಹಾಳೆಯನ್ನೂ ಕೊಟ್ಟು. ಅಲ್ಲಿಯೂ ಅವರು ಆರಿಸಿದ್ದು ಚಳಿಯಲ್ಲಿ ಬೇಗ ಹರಿಯುವ 0ಡಬ್ಲ್ಯು-40, 20ಡಬ್ಲ್ಯು-50 ಅಲ್ಲ. ಶಿಫಾರಸು ಬದಲಾಗಬಹುದು, ಆದರೆ ಬದಲಾವಣೆ ಲಿಖಿತವಾಗಿ ಬರಬೇಕು ಎಂಬುದೇ ಈ ಪ್ರಕರಣದ ಪಾಠ.

ವರ್ತಕರ ಹೊಣೆ, ವರ್ತಕರ ಲಾಭ

ವಾರಂಟಿಯ ಷರತ್ತುಗಳಲ್ಲಿ ಶಿಫಾರಸು ಮಾಡಿದ ಆಯಿಲ್ ಬಳಸಬೇಕೆಂಬುದು ಸಾಮಾನ್ಯವಾಗಿ ಸೇರಿರುತ್ತದೆ. ಇಂಜಿನ್ ಕೆಟ್ಟ ದಿನ ಕಂಪನಿಯವರು ಮೊದಲು ಕೇಳುವುದು ಆಯಿಲ್ ಬಿಲ್ಲನ್ನು. ಆ ಬಿಲ್ಲಿನ ಮೇಲಿರುವುದು ಅಂಗಡಿಯ ಹೆಸರು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ತಯಾರಕರ ಎಚ್ಚರಿಕೆ ಅಥವಾ ಸೂಚನೆಗಳನ್ನು ಮಾರಾಟಗಾರ ಗ್ರಾಹಕನಿಗೆ ತಲುಪಿಸದೆ, ಆ ಲೋಪವೇ ಹಾನಿಗೆ ಕಾರಣವಾದರೆ ಮಾರಾಟಗಾರನೂ ಹೊಣೆಯಾಗಬಹುದೆಂದು ಅದು ಹೇಳುತ್ತದೆ. "ಗಿರಾಕಿ ಕೇಳಿದ್ದನ್ನು ಕೊಟ್ಟೆ" ಎಂಬ ಉತ್ತರ ಹಿಂದಿನಷ್ಟು ಸುರಕ್ಷಿತವಲ್ಲ.

ಹಲವು ಗ್ರೇಡ್‌ಗಳನ್ನು ಇಟ್ಟುಕೊಂಡರೆ ಬಂಡವಾಳ ಕಟ್ಟಿಹೋಗುತ್ತದೆ ಎಂಬ ಸಣ್ಣ ಅಂಗಡಿಕಾರರ ಅಳಲು ನ್ಯಾಯವಾದದ್ದೇ. ಆದರೆ ಪ್ರತಿ ಊರಿನಲ್ಲೂ ಹೆಚ್ಚಾಗಿ ಓಡಾಡುವ ಕಾರಿನ ಮಾದರಿಗಳು ಬೆರಳೆಣಿಕೆಯಷ್ಟು. ಅವುಗಳ ಕೈಪಿಡಿಗಳನ್ನು ನೋಡಿ ಗ್ರೇಡ್, ದರ್ಜೆ, ಬೇಕಾಗುವ ಪ್ರಮಾಣ ಈ ಮೂರನ್ನೂ ಬರೆದ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಬಹುದು. ದಾಸ್ತಾನನ್ನು ಆ ಪಟ್ಟಿಗೆ ತಕ್ಕಂತೆ ತರಿಸಬಹುದು. ಬಿಲ್ಲಿನಲ್ಲಿ ಬರೀ "ಆಯಿಲ್" ಎಂದು ಬರೆಯದೆ ಗ್ರೇಡ್ ಮತ್ತು ದರ್ಜೆಯನ್ನು ನಮೂದಿಸಬೇಕು. ಆಯಿಲ್ ಬದಲಿಸಿದ ದಿನಾಂಕ, ಕಿಲೋಮೀಟರ್ ಹಾಗೂ ಗ್ರೇಡ್ ಬರೆದ ಚೀಟಿಯನ್ನು ಬಾನೆಟ್ಟಿನ ಒಳಬದಿಗೆ ಅಂಟಿಸಬೇಕು. ಶಿಫಾರಸಿಗೆ ಹೊರತಾದ ಆಯಿಲನ್ನೇ ಗ್ರಾಹಕ ಬಯಸಿದರೆ, ವಿಷಯ ತಿಳಿಸಲಾಗಿದೆ ಎಂದು ಬಿಲ್ಲಿನ ಮೇಲೆ ಬರೆದು ಸಹಿ ಪಡೆಯುವುದು ಲೇಸು. ಇವ್ಯಾವುವೂ ಖರ್ಚಿನ ಕೆಲಸಗಳಲ್ಲ. ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಮೆಕ್ಯಾನಿಕ್‌ಗಳನ್ನೂ ಜೊತೆಗೂಡಿಸಿ ಒಂದು ದಿನದ ಕಾರ್ಯಾಗಾರ ಏರ್ಪಡಿಸಿದರೆ ಪ್ರಯೋಜನ ಇಮ್ಮಡಿಯಾದೀತು. ಏಕೆಂದರೆ ಗ್ರಾಹಕ ನಂಬುವುದು ಡಬ್ಬಿಯ ಮೇಲಿನ ಅಕ್ಷರಗಳಿಗಿಂತ ಮೆಕ್ಯಾನಿಕ್‌ನ ಮಾತನ್ನು.

ಇದೇ ಆಯಿಲ್ ಈಗ ಎಲ್ಲಿ ಬೇಕಾದರೂ ಸಿಗುತ್ತದೆ, ಮನೆ ಬಾಗಿಲಿಗೂ ಬರುತ್ತದೆ. ಬೆಲೆಯ ಸ್ಪರ್ಧೆಯಲ್ಲಿ ಸಣ್ಣ ಅಂಗಡಿ ಗೆಲ್ಲುವುದು ಕಷ್ಟ. ಅದು ಗೆಲ್ಲಬಲ್ಲದ್ದು ಸರಿಯಾದ ಮಾತಿನಿಂದ. "ಸ್ವಾಮಿ, ನಿಮ್ಮ ಕಾರಿಗೆ ಇದು ಆಗುವುದಿಲ್ಲ, ಕೈಪಿಡಿ ನೋಡೋಣ" ಎಂದು ಹೇಳಿ ಒಂದು ಡಬ್ಬಿಯ ವ್ಯಾಪಾರ ಕಳೆದುಕೊಂಡ ವರ್ತಕ ಹತ್ತು ವರ್ಷದ ಗಿರಾಕಿಯನ್ನು ಸಂಪಾದಿಸುತ್ತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಂತಾಗುವ ಮೊದಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಆ ಪುಸ್ತಕ ಹೊರಬರಲಿ.