ನೆಕ್ಕರ್ ದಂಡೆಯಲ್ಲಿ ಬುತ್ತಿ ಬಿಚ್ಚಿದ ದಿನ

ಜರ್ಮನಿಗೆ ಬಂದ ನಮ್ಮವರು ನೆಕ್ಕರ್ ನದಿ ದಂಡೆಯ ಹೈಡೆಲ್‌ಬರ್ಗ್ ಕೋಟೆ ನೋಡದೆ ಹೋಗೋದು ಕಡಿಮೆ. ಅದೇ ನದಿಯ ಮೇಲ್ಭಾಗಕ್ಕೆ ಇನ್ನೊಂದು ಹಳೇ ಊರಿದೆ, ಟ್ಯೂಬಿಂಗನ್. ಕನ್ನಡಿಗರು ಮೊದಲು ನೋಡಬೇಕಾದದ್ದು ಅದನ್ನ ಅಂತ ನನ್ನ ವಾದ. ನಾವಿರೋ ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ತಾಸು. ಹೋದ ಶನಿವಾರ ಹೆಂಡತಿ, ಐದು ವರ್ಷದ ಮಗಳನ್ನ ಕರಕೊಂಡು ಹೋಗಿದ್ದೆ.

ಸ್ಟೇಷನ್ ಬಿಟ್ಟು ಸ್ವಲ್ಪ ನಡೆದರೆ ನದಿಯ ಸೇತುವೆ. ನಮ್ಮ ಘಟಪ್ರಭೆಯಷ್ಟು ಅಗಲ ಇಲ್ಲ. ಉದ್ದನೆಯ ಮರದ ದೋಣಿಗಳನ್ನ ಕೋಲು ಊರಿ ನಡೆಸ್ತಾರೆ. ದಂಡೆ ಮೇಲಿನ ಹಳದಿ ಗೋಪುರದಲ್ಲಿ ಕವಿ ಹ್ಯೋಲ್ಡರ್ಲಿನ್ 36 ವರ್ಷ ಇದ್ದು, 1843ರ ಜೂನ್‌ನಲ್ಲಿ ತೀರಿಕೊಂಡ. ಮುಂದಿನ ತಿಂಗಳೇ ಅತ್ತ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಬಂತು. ಅದನ್ನ ತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗನ್‌ನಲ್ಲಿ.

ಕಲ್ಲು ಹಾಸಿದ ಓಣಿಗಳನ್ನ ಏರಿ ಹೋದರೆ ಗುಡ್ಡದ ಮೇಲೆ ಕೋಟೆ. ಅದರ ಹಳೇ ಅಡುಗೆಮನೆಯೇ ಒಂದು ಕಾಲಕ್ಕೆ ಪ್ರಯೋಗಶಾಲೆ. ಈಗ ನಾವು ಡಿಎನ್‌ಎ ಅನ್ನೋ ವಸ್ತುವನ್ನ ಫ್ರೀಡ್ರಿಶ್ ಮೀಶರ್ 1869ರಲ್ಲಿ ಬೇರ್ಪಡಿಸಿದ್ದು ಅಲ್ಲೇ. ಒಳಗಿನ ಮ್ಯೂಸಿಯಂನಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ. ಬೆರಳುದ್ದ ಇಲ್ಲ, ಆದರೆ ವಯಸ್ಸು 35,000 ವರ್ಷಕ್ಕೂ ಮೇಲೆ. ಮಗಳು ಅದರ ಮುಂದಿಂದ ಕದಲಲೇ ಇಲ್ಲ.

ನನ್ನ ತಲೆಯಲ್ಲಿ ಮಾತ್ರ ಕಿಟೆಲ್ ಇದ್ದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು, ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅಂತ ಓಡಾಡಿ ಕನ್ನಡದ ಶಬ್ದಗಳನ್ನ ಕೂಡಿಸಿದ ಫರ್ಡಿನಾಂಡ್ ಕಿಟೆಲ್. ಸುಮಾರು 70,000 ಶಬ್ದಗಳ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಬಂತು. ಅದೇ ಡಿಸೆಂಬರ್‌ನಲ್ಲಿ ಈ ಊರಲ್ಲೇ ತೀರಿಕೊಂಡರು.

ಕೋಟೆಯ ಅಂಗಳದಲ್ಲಿ ಊಟಕ್ಕೆ ಕೂತಾಗ ತುಕ್ಕಾನಟ್ಟಿಯಿಂದ ಅವ್ವನ ವಿಡಿಯೋ ಕಾಲ್ ಬಂತು. "ಬುತ್ತಿಗೆ ಏನ್ ಕಟ್ಟ್ಯಾಳವಾ ನಿಮ್ಮ ಮಮ್ಮಿ?" ಅಂತ ಮೊಮ್ಮಗಳನ್ನ ಕೇಳಿದಳು. ಮಗಳು ನನ್ನ ಮುಖ ನೋಡಿದಳು. ಬುತ್ತಿ ಅಂದರೆ ಏನಂತ ಅವಳಿಗೆ ತಿಳಿಯಲಿಲ್ಲ. "ಬ್ರೋಟ್‌ಡೋಸ" ಅಂದೆ. ತಕ್ಷಣ ಅರ್ಥ ಆಯಿತು. ಅತ್ತ ಅವ್ವನಿಗೆ ಅದು ತಿಳಿಯಲಿಲ್ಲ. ನಡುವೆ ಕೂತು ಇಬ್ಬರಿಗೂ ತರ್ಜುಮೆ ಮಾಡಿದೆ. ಅಜ್ಜಿ, ಮೊಮ್ಮಗಳ ನಡುವೆ ಇಷ್ಟು ಬೇಗ ದುಭಾಷಿ ಬೇಕಾಯಿತಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ ಆಯಿತು.

ಬ್ರೋಟ್‌ಡೋಸ ಅಂದರೆ ಬರೀ ಡಬ್ಬಿ. ಬುತ್ತಿ ಅಂದರೆ ದೂರ ಹೋಗೋರಿಗೆ, ಹೊಲಕ್ಕೆ ಹೋಗೋರಿಗೆ ಮನೆಯವರು ಕಟ್ಟಿಕೊಡೋ ಅನ್ನ. ಕಿಟೆಲ್ ಕೋಶದಲ್ಲಿ ಆ ಶಬ್ದ ಇದೆ, ಕೂರಿಗೆಯೂ ಇದೆ. ಕೋಶ ಶಬ್ದವನ್ನ ಕಾಪಾಡಬಹುದು, ಆದರೆ ಮಗುವಿನ ಬಾಯಿಗೆ ತರೋದು ನಮ್ಮ ಕೆಲಸ.

ನೀವೂ ಟ್ಯೂಬಿಂಗನ್‌ಗೆ ಹೋಗಿಬನ್ನಿ. ಏರು ಇದೆ, ಗಟ್ಟಿ ಬೂಟು ಇರಲಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಮಕ್ಕಳ ಮುಂದೆ ಅದನ್ನ ಬುತ್ತಿ ಅಂತಲೇ ಅನ್ನಿ.